ಆರಿಸಿದ ಕರ್ಪೂರ

ಸೇಲಂ
20-8-2023

ಅಪ್ಪನವರ ಪಾದಕ್ಕೆ ಶಂಕರ ಮಾಡುವ ನಮಸ್ಕಾರ.

ಫೋನ್ ಇರುವ ಕಾಲದಲ್ಲಿ ಇವನೇಕೆ ಕಾಗದ ಬರೆಯುತ್ತಾನೆ ಎಂದುಕೊಳ್ಳುತ್ತೀರಿ. ಹನ್ನೊಂದನೇ ತಾರೀಕು ಹುಡುಗರ ಸರ್ಕಾರಿ ಹೋಮ್‌ನಿಂದ ಹೊರಗೆ ಬಂದ ತಕ್ಷಣ ಅವ್ವನ ಫೋನಿಗೆ ಮಾಡಿದೆ. ನೀವೇ ಎತ್ತಿದಿರಿ. ನಾನು ಅಪ್ಪ ಎಂದೆ. ಉಸಿರು ಮಾತ್ರ ಕೇಳಿಸಿತು. ಆಮೇಲೆ ಅವ್ವನ ದನಿ ಬಂತು. ಮತ್ತೆರಡು ಸಲ ಮಾಡಿದಾಗಲೂ ಹಾಗೇ ಆಯಿತು. ನೀವು ನನ್ನ ಜೊತೆ ಮಾತು ಬಿಟ್ಟಿದ್ದೀರಿ ಎಂದು ನನಗೆ ಅರ್ಥವಾಗಿದೆ. ಕಾಗದವನ್ನಾದರೂ ಓದುತ್ತೀರಿ ಎಂದು ನಂಬಿ ಬರೆಯುತ್ತಿದ್ದೇನೆ.

ಈ ಉಪಾಯ ವ್ಯಾಸರಾಜ ಸಾರ್ ಅವರದು. ಅವರು ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಕನ್ನಡದವರು. ಪ್ರತಿ ಭಾನುವಾರ ಹೋಮ್‌ಗೆ ಬಂದು ನಮಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಈಗ ಅವರ ಮನೆಯ ಮಾಳಿಗೆ ಮೇಲಿನ ಕೋಣೆಯಲ್ಲಿದ್ದೇನೆ. "ಬಾಯಿಂದ ಆಗದಿದ್ರೆ ಕೈಯಿಂದ ಆಗತ್ತೇನೋ, ಬರೀ" ಎಂದು ನಾಲ್ಕು ಇನ್‌ಲ್ಯಾಂಡ್ ಕಾಗದ ಕೊಟ್ಟರು. ನನಗೆ ಕನ್ನಡ ಬರೆಯಲು ಬರುತ್ತದೆಂದು ಅವರಿಗೆ ನಂಬಿಕೆಯೇ ಇರಲಿಲ್ಲ. ಸ್ಕೂಲಿನಲ್ಲಿ ತಮಿಳು, ಮನೆಯಲ್ಲಿ ಅಪ್ಪ ಸ್ಲೇಟಿನ ಹಿಂದುಗಡೆ ಬರೆಸಿದ ಕನ್ನಡ ಎಂದು ಹೇಳಿದೆ.

ಕೆಲಸ ಸಿಕ್ಕಿದೆ. ಬೆಳ್ಳಿ ಕಾಲ್ಗೆಜ್ಜೆ ಮಾಡುವ ಸಣ್ಣ ಕಾರ್ಖಾನೆ, ಪಟ್ಟರೈ ಎನ್ನುತ್ತಾರೆ. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ.

ಅಪ್ಪ, ನಾನು ಮಾಡಿದ್ದು ಮಹಾ ತಪ್ಪು. ಗೆಳೆಯ ಸೆಲ್ವಂ ಜೊತೆ ಬೈಕಿನಲ್ಲಿ ಹೋಗಿ ನಮ್ಮೂರಲ್ಲಿ ಸೊಪ್ಪು ಮಾರುವ ಸಿದ್ದಲಕ್ಷ್ಮಮ್ಮ ದೊಡ್ಡವ್ವನ ಕೊರಳಿನ ಸರ ಕಿತ್ತದ್ದು, ಅವರು ಬಿದ್ದು ಭುಜ ಮುರಿದದ್ದು, ಒಂದೂವರೆ ವರ್ಷ ಒಂದು ದಿನವೂ ಮರೆತಿಲ್ಲ. ಶಿಕ್ಷೆ ಅನುಭವಿಸಿದ್ದೇನೆ. ಇನ್ನು ನೆಟ್ಟಗೆ ಬದುಕುತ್ತೇನೆ. ಆಯುಧಪೂಜೆಗೆ ಎರಡು ದಿನ ರಜೆ ಇದೆ. ಊರಿಗೆ ಬರಲೇ? ನೀವು ಹೂಂ ಎಂದರೆ ಮಾತ್ರ ಬರುತ್ತೇನೆ.

ನಿಮ್ಮ ಮಗ
ಶಂಕರ


ಸೇಲಂ
24-9-2023

ಅಪ್ಪನವರಿಗೆ ನಮಸ್ಕಾರ.

ಉತ್ತರ ಬರಲಿಲ್ಲ. ಕಾಗದವನ್ನು ಪಂಚಾಂಗದೊಳಗೆ ಇಟ್ಟುಕೊಂಡಿದ್ದೀರಿ ಎಂದು ಅವ್ವ ಫೋನಿನಲ್ಲಿ ಹೇಳಿದಳು. ಅಷ್ಟಕ್ಕೇ ನನಗೆ ಆ ದಿನ ಊಟ ಸೇರಿತು.

ನನ್ನ ಕೆಲಸದ ಬಗ್ಗೆ ಹೇಳುತ್ತೇನೆ. ಸಣ್ಣ ಸಣ್ಣ ಕೊಂಡಿಗಳನ್ನು ಚಿಮಟದಲ್ಲಿ ಹಿಡಿದು ಜೋಡಿಸಿ ಬೆಸುಗೆ ಹಾಕಬೇಕು. ಮೊದಲ ವಾರ ಬೆರಳು ಸುಟ್ಟುಕೊಂಡೆ, ಈಗ ಕೈ ಕೂತಿದೆ. ಇಲ್ಲಿ ಒಂದು ಪದ್ಧತಿ ಇದೆ. ಸಂಜೆ ಮನೆಗೆ ಹೊರಡುವಾಗ ಎಲ್ಲರೂ ಬಾಗಿಲ ಹತ್ತಿರದ ತೊಟ್ಟಿಯಲ್ಲಿ ಕೈ ತೊಳೆಯಬೇಕು. ಉಗುರಿನ ಸಂದಿಯಲ್ಲಿ ಕೂತ ಬೆಳ್ಳಿಯ ಪುಡಿಯೂ ನೀರಿನ ತಳಕ್ಕೆ ಇಳಿಯುತ್ತದೆ. ಆ ನೀರನ್ನು ಚೆಲ್ಲುವುದಿಲ್ಲ, ನೆಲ ಗುಡಿಸಿದ ಕಸವನ್ನೂ ಎಸೆಯುವುದಿಲ್ಲ. ಎಲ್ಲವನ್ನೂ ಕೂಡಿಟ್ಟು ಕಾಯಿಸಿ ಬೆಳ್ಳಿ ತೆಗೆಯುತ್ತಾರೆ.

ಹೋಮ್‌ನಲ್ಲಿದ್ದದ್ದನ್ನು ಯಾರಿಗೂ ಹೇಳಬೇಕಾಗಿಲ್ಲ, ಕಾನೂನೇ ಹಾಗಿದೆ ಎಂದು ವ್ಯಾಸರಾಜ ಸಾರ್ ಹೇಳಿದ್ದರು. ಆದರೂ ನಾನು ಪಟ್ಟರೈ ನಡೆಸುವ ಮುದಲಾಳಿಗೆ ಮೊದಲ ದಿನವೇ ಹೇಳಿಬಿಟ್ಟೆ. ಅವರು ಕನ್ನಡಕದ ಮೇಲಿಂದ ನೋಡಿ, ಇಲ್ಲಿ ಇಪ್ಪತ್ತು ವರ್ಷದಿಂದ ಇರುವವನೂ ಕೈ ತೊಳೆದೇ ಹೋಗುವುದು, ನೀನೂ ತೊಳೆದು ಹೋಗು ಎಂದು ತಮಿಳಿನಲ್ಲಿ ಹೇಳಿ ತಮ್ಮ ಕೆಲಸಕ್ಕೆ ಬಗ್ಗಿದರು. ಹೊರಗೆ ಬಂದ ಮೇಲೆ ನನಗೆ ಸಿಕ್ಕಿದ ಮೊದಲ ಗೌರವ ಅದು.

ಪೂಜೆಗೆ ಬರಲೇ ಅಪ್ಪ?

ಶಂಕರ


ಬೇವಿನಕೊಟ್ಟಾಯ್
3-10-2023

ಕಾಗದ ಎರಡೂ ಬಂದವು.

ಇಲ್ಲಿ ಮಳೆ ಹೋದ ವರ್ಷದಷ್ಟಿಲ್ಲ. ರಾಗಿ ಪರವಾಗಿಲ್ಲ. ಟೊಮೆಟೊ ಹಣ್ಣನ್ನು ಆಡಿ ತಿಂಗಳಲ್ಲಿ ಪಾಲಕೋಡ್ ಮಂಡಿಯಲ್ಲಿ ಚಿನ್ನದಂತೆ ಕೊಂಡವರು ಈಗ ಮುಖ ತಿರುಗಿಸುತ್ತಿದ್ದಾರೆ. ಕೆಂಪು ಹಸು ಕರು ಹಾಕಿತು. ನಿನ್ನ ತಂಗಿ ರೋಜಾ ಹತ್ತನೇ ಕ್ಲಾಸಿನಲ್ಲಿ ಚೆನ್ನಾಗಿ ಓದುತ್ತಿದ್ದಾಳೆ.

ನಿನ್ನ ಕಾಗದದಲ್ಲಿ ಸರ ಕಿತ್ತದ್ದನ್ನು ಬರೆದಿದ್ದೀಯ. ಶಿಕ್ಷೆ ಅನುಭವಿಸಿದ್ದನ್ನು ಬರೆದಿದ್ದೀಯ. ಯಾರೋ ಮುದಲಾಳಿಗೆ ಮೊದಲ ದಿನವೇ ನಿಜ ಹೇಳಿದ್ದನ್ನೂ ದೊಡ್ಡದಾಗಿ ಬರೆದಿದ್ದೀಯ. ಒಂದನ್ನು ಬಿಟ್ಟಿದ್ದೀಯ. ಮಾರಮ್ಮನ ಗುಡಿ ಮುಂದೆ ನಡೆದದ್ದು. ಕದ್ದದ್ದಕ್ಕೆ ಸರ್ಕಾರ ಶಿಕ್ಷೆ ಕೊಟ್ಟಿತು, ಅದು ಮುಗಿಯಿತು. ಗುಡಿ ಮುಂದಿನದಕ್ಕೆ ಯಾವ ಕೋರ್ಟೂ ಇಲ್ಲ.

ಅದನ್ನು ನಿನ್ನ ಕೈಯಾರೆ ಬರೆಯುವವರೆಗೆ ಪೂಜೆಗೂ ಬರಬೇಡ, ಹಬ್ಬಕ್ಕೂ ಬರಬೇಡ.

ಕರಿಯಪ್ಪ


ಸೇಲಂ
29-10-2023

ಅಪ್ಪನವರಿಗೆ ನಮಸ್ಕಾರ.

ಆಯುಧಪೂಜೆಯ ದಿನ ಬರೆಯಲು ಕೂತು ಎರಡು ಸಲ ಹರಿದು ಹಾಕಿದೆ. ಪಟ್ಟರೈಯಲ್ಲಿ ಇಕ್ಕಳ, ಚಿಮಟ ಎಲ್ಲಕ್ಕೂ ಗಂಧ ಹಚ್ಚಿ ಕೊನೆಗೆ ಕೈ ತೊಳೆಯುವ ತೊಟ್ಟಿಗೂ ಕುಂಕುಮ ಇಟ್ಟರು. ಮುದಲಾಳಿ ತಟ್ಟೆಯಲ್ಲಿ ಕರ್ಪೂರ ಹಚ್ಚಿದಾಗ ನಾನು ಹೊರಗೆ ಹೋಗಿ ನಿಂತೆ. ಎರಡು ವರ್ಷವಾಗುತ್ತಾ ಬಂತು, ನನಗೆ ಕರ್ಪೂರದ ವಾಸನೆ ತಡೆಯುವುದಿಲ್ಲ.

ಬರೆಯುತ್ತೇನೆ.

ಪೊಂಗಲ್ ಕಳೆದ ಮೂರನೇ ದಿನ, ದೀಪ ಹಚ್ಚುವ ಹೊತ್ತು. ಸೆಲ್ವಂ ಬಾ ಎಂದ, ನಾನು ಬೈಕ್ ಹತ್ತಿದೆ. ಯಾಕೆ ಎಂದು ಜಡ್ಜ್ ಮೇಡಂ ಕೇಳಿದಾಗಲೂ ನನ್ನಲ್ಲಿ ಇದಕ್ಕಿಂತ ದೊಡ್ಡ ಉತ್ತರ ಇರಲಿಲ್ಲ. ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದೆವು. ಪಾಲಕೋಡ್ ರಸ್ತೆಯಲ್ಲಿ ಒಬ್ಬ ಹೆಂಗಸು ಖಾಲಿ ಬುಟ್ಟಿ ಹಿಡಿದು ನಡೆಯುತ್ತಿದ್ದಳು. ಬೆನ್ನು ಮಾತ್ರ ಕಾಣುತ್ತಿತ್ತು. ಕೈ ಹಾಕಿ ಎಳೆದೆ. ಬಿದ್ದಾಗ ಮುಖ ಈ ಕಡೆ ತಿರುಗಿತು. ನನ್ನ ಬಾಯಿಂದ "ದೊಡ್ಡವ್ವಾ" ಎಂದು ಹೊರಟುಹೋಯಿತು. ಸೆಲ್ವಂ ಬೈಕ್ ನಿಲ್ಲಿಸಲಿಲ್ಲ. ನಿಲ್ಲಿಸು ಎಂದು ನಾನು ಹೇಳಲೂ ಇಲ್ಲ. ನಮ್ಮನೆಯಲ್ಲಿ ಸೊಪ್ಪಿನ ಸಾರು ಮಾಡದ ದಿನ ಅವರ ಮನೆಯಲ್ಲಿ ಉಂಡು ಬೆಳೆದವನು ನಾನು.

ನೀವು ಹೊಲದಿಂದ ಬರುವಷ್ಟರಲ್ಲಿ ಕಂಬಳಿ ಹೊದ್ದು ಮಲಗಿದ್ದೆ. ಜ್ವರ ಎಂದೆ. ನೀವು ಹಣೆ ಮುಟ್ಟಿ ನೋಡಿದಿರಿ. ಹೆದರಿಕೆಗೆ ಮೈ ನಿಜವಾಗಿಯೂ ಸುಡುತ್ತಿತ್ತು.

ದೊಡ್ಡವ್ವ ನನ್ನ ಹೆಸರು ಹೇಳಿದ ಮೇಲೆ ಊರು ಗುಡಿ ಮುಂದೆ ಸೇರಿತು. ಹೊರಡುವ ಮೊದಲು ನೀವು ನನ್ನನ್ನು ಒಂದೇ ಸಲ ಕೇಳಿದಿರಿ. ನಾನು "ನಾನಲ್ಲ ಅಪ್ಪ, ಮನೇಲೇ ಇದ್ದೆ" ಎಂದೆ. ಎರಡನೇ ಸಲ ಕೇಳಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ, ನೀವು ಕೇಳಲಿಲ್ಲ. ಅಷ್ಟು ನಂಬಿದಿರಿ.

ನೀವು ಗುಡಿ ಮೆಟ್ಟಿಲ ಮೇಲೆ ಕರ್ಪೂರ ಹಚ್ಚಿದಿರಿ. "ನನ್ ಮಗ ಈ ಕೆಲ್ಸ ಮಾಡಿದ್ರೆ, ಈ ಕೈ ಬಿತ್ತಿದ್ದು ಮೊಳೀದೆ ಓಗ್ಲಿ ತಾಯೇ" ಎಂದು ಉರಿಯುವ ಕರ್ಪೂರವನ್ನು ಬಲಗೈಯಿಂದ ಹೊಡೆದು ಆರಿಸಿದಿರಿ. ನಾನು ಬೇವಿನ ಮರದ ಹತ್ತಿರ ನಿಂತಿದ್ದೆ. ಹತ್ತು ಹೆಜ್ಜೆ ದೂರ. ಓಡಿ ಬಂದು ನಿಮ್ಮ ಕೈ ಹಿಡಿಯಬಹುದಿತ್ತು. ನೋಡುತ್ತಾ ನಿಂತೆ. ಒಂಬತ್ತು ದಿನ ಕಳೆದು ಪೊಲೀಸರು ಸೆಲ್ವಂನನ್ನು ಹಿಡಿದ ಮೇಲೆ ಬಾಯಿ ಬಿಟ್ಟೆ. ಅದು ಹೆದರಿ ಹೇಳಿದ ನಿಜ. ಅದಕ್ಕೆ ಬೆಲೆ ಇಲ್ಲ ಎಂದು ನನಗೆ ಗೊತ್ತು.

ಇದನ್ನು ಬರೆದಿದ್ದಕ್ಕೆ ಊರಿಗೆ ಬರಲು ಬಿಡಿ ಎಂದು ಕೇಳುತ್ತಿಲ್ಲ.

ದೊಡ್ಡವ್ವ ಹೇಗಿದ್ದಾರೆ?

ಶಂಕರ


ಬೇವಿನಕೊಟ್ಟಾಯ್
26-11-2023

ಶಂಕರನಿಗೆ.

ಕಾಗದ ಬಂತು. ಓದಿದೆ.

ನೀನು ದೊಡ್ಡವ್ವಾ ಎಂದು ಕೂಗಿದ್ದು ನನಗೆ ಗೊತ್ತಿರಲಿಲ್ಲ.

ಸಿದ್ದಲಕ್ಷ್ಮಕ್ಕ ಚೆನ್ನಾಗಿದ್ದಾಳೆ. ಸೊಪ್ಪು ಮಾರುವುದನ್ನು ಬಿಟ್ಟಿದ್ದಾಳೆ, ವಯಸ್ಸಾಯಿತಲ್ಲ. ನೀನು ಅವಳಿಗೆ ಕಾಗದ ಗೀಗದ ಬರೆಯಲು ಹೋಗಬೇಡ, ಅವಳಿಗೆ ಓದಲು ಬಾರದು.

ಹುರುಳಿ ಬಿತ್ತನೆ ಆಯಿತು. ಈ ಸಲ ರೋಜಾ ಕೈಯಲ್ಲಿ ಬಿತ್ತಿಸಿದೆ. ಹೆಣ್ಣುಮಕ್ಕಳ ಕೈ ಹಸನು ಎನ್ನುತ್ತಾರೆ. ನನಗೆ ಮಂಡಿ ನೋವು, ಹೊಲದುದ್ದ ನಡೆಯಲು ಆಗದು. ಯುಗಾದಿಗೆ ಹೊನ್ನಾರು ಕಟ್ಟುವುದನ್ನೂ ಬಿಟ್ಟಿದ್ದೇನೆ. ಎಲ್ಲಪ್ಪನ ಮನೆಯವರು ಕಟ್ಟುತ್ತಿದ್ದಾರೆ. ತಲೆತಲಾಂತರದಿಂದ ಊರಿನ ಮೊದಲ ಸಾಲು ನಮ್ಮ ಮನೆಯವರೇ ಉತ್ತದ್ದು, ಮೊದಲ ಹಿಡಿ ಬೀಜ ನಾವೇ ಚೆಲ್ಲಿದ್ದು ನಿಜ. ಆದರೆ ಮಂಡಿ ಕೇಳಬೇಕಲ್ಲ.

ಅಲ್ಲಿ ಊಟಕ್ಕೆ ಏನು ಮಾಡುತ್ತೀಯ? ಬರೀ ಇಡ್ಲಿ ತಿಂದು ಬೆಳೆಯುವ ವಯಸ್ಸಲ್ಲ ನಿನ್ನದು. ರಾಗಿ ಹಿಟ್ಟು ಕಳಿಸಲೇ ಎಂದು ನಿಮ್ಮವ್ವ ಕೇಳುತ್ತಿದ್ದಾಳೆ.

ಕರಿಯಪ್ಪ


ಸೇಲಂ
10-12-2023

ಅಪ್ಪನವರಿಗೆ ನಮಸ್ಕಾರ.

ನನ್ನ ಹೆಸರು ಹಾಕಿ ಬರೆದಿರಿ. ಆ ಸಾಲನ್ನು ವ್ಯಾಸರಾಜ ಸಾರ್‌ಗೂ ತೋರಿಸಿದೆ.

ಮಂಡಿ ನೋವಿಗೆ ಇಲ್ಲಿ ನಾಟಿ ವೈದ್ಯರು ಕೊಡುವ ಒಂದು ತೈಲ ಇದೆ. ಎರಡು ಬಾಟಲಿ ಕಳಿಸಿದ್ದೇನೆ. ದಿನಾ ಬಿಸಿ ಮಾಡಿ ಹಚ್ಚಿಕೊಳ್ಳಿ. ಯುಗಾದಿ ಹೊತ್ತಿಗೆ ನೀವೇ ಹೊನ್ನಾರು ಕಟ್ಟಬೇಕು. ಚಿಕ್ಕವನಿದ್ದಾಗ ಎತ್ತುಗಳ ಕೊಂಬಿಗೆ ಹೂ ಸುತ್ತಿ, ಬೀಜದ ಮೊರ ಹಿಡಿದು ನಿಮ್ಮ ಹಿಂದೆ ನಡೆಯುತ್ತಿದ್ದೆ. ನೀವು ಹಿಡಿ ಎತ್ತಿ ಚೆಲ್ಲುವಾಗ ಊರೆಲ್ಲ ಸುಮ್ಮನೆ ನಿಲ್ಲುತ್ತಿತ್ತು. ಆ ಮಂಡಿ ವಾಸಿಯಾಗಲಿ.

ರಾಗಿ ಹಿಟ್ಟು ಕಳಿಸಲು ಅವ್ವನಿಗೆ ಹೇಳಿ. ದೊಡ್ಡವ್ವ ಚೆನ್ನಾಗಿರುವುದು ಕೇಳಿ ಮನಸ್ಸಿಗೆ ಸಮಾಧಾನವಾಯಿತು.

ಶಂಕರ


ಸೇಲಂ
7-1-2024

ಅಪ್ಪನವರಿಗೆ.

ಅವ್ವ ಮತ್ತು ರೋಜಾ ಕಣ್ಣು ತೋರಿಸಲು ಸೇಲಂಗೆ ಬಂದಿದ್ದರು. ಬಸ್ ಸ್ಟ್ಯಾಂಡಿಗೆ ಹೋಗಿ ಕರೆದುಕೊಂಡು ಬಂದೆ. ಅವ್ವ ನನ್ನ ಮುಖ ಹಿಡಿದುಕೊಂಡು ಅತ್ತಳು. ಅವ್ವ ಡಾಕ್ಟರ ಹತ್ತಿರ ಒಳಗೆ ಹೋದಾಗ ರೋಜಾಗೆ ಅಪ್ಪನ ಮಂಡಿ ಹೇಗಿದೆ ಎಂದು ಕೇಳಿದೆ. ಅವಳು ನನ್ನನ್ನು ಹುಚ್ಚನನ್ನು ನೋಡಿದಂತೆ ನೋಡಿದಳು.

"ಅಪ್ಪನ ಮಂಡಿಗೆ ಏನೂ ಆಗಿಲ್ಲ ಕಣಣ್ಣ. ಬಲಗೈಲಿ ಒಂದ್ ಕಾಳೂ ಮುಟ್ಟಲ್ಲ. ಗುಡಿ ಕಡೆ ಓಗಿ ಎರಡ್ ವರ್ಸ ಆಯ್ತು" ಎಂದಳು.

ಆಮೇಲೆ ಉಳಿದದ್ದನ್ನು ಎಳೆದೆಳೆದು ಕೇಳಿದೆ. ನೀವು ಕರ್ಪೂರ ಆರಿಸಿದ ಮೇಲೆ ದೊಡ್ಡವ್ವನೇ ಸುಳ್ಳುಗಾರ್ತಿ ಎಂದಾಯಿತಂತೆ. ಮುರಿದ ಭುಜಕ್ಕೆ ಕಟ್ಟು ಹಾಕಿಕೊಂಡೇ ಗುಡಿಗೆ ಬಂದು, ತಪ್ಪು ಕಾಣಿಕೆ ಇಟ್ಟು, ಇಲ್ಲದ ಮಾತು ಆಡಿದೆ ತಾಯೇ ಎಂದು ಅಡ್ಡಬಿದ್ದರಂತೆ. ಅವರು ಇವತ್ತಿಗೂ ಆ ಕೈ ಎತ್ತಿ ಜಡೆ ಹಾಕಿಕೊಳ್ಳಲಾರರಂತೆ. ಚೆನ್ನಾಗಿದ್ದಾಳೆ ಎಂದು ಬರೆದಿರಲ್ಲ ಅಪ್ಪ.

ಇನ್ನೊಂದು ಕೇಳಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನನ್ನನ್ನು ಪೊಲೀಸರು ಕರೆದುಕೊಂಡು ಹೋದ ಮೇಲೆ ಎಲ್ಲಪ್ಪಣ್ಣ ಊರ ಮುಂದೆ ನಿಮ್ಮನ್ನು ಕೇಳಿದರಂತೆ, ಮಗ ಕದ್ದದ್ದು ಗೊತ್ತಿದ್ದೂ ಕರ್ಪೂರ ಆರಿಸಿದೆಯಾ ಎಂದು. ನೀವು "ಗೊತ್ತಿತ್ತು" ಎಂದಿರಂತೆ. ದೇವರ ಮುಂದೆ ಬೇಕೆಂದೇ ಸುಳ್ಳು ಆಣೆ ಇಟ್ಟವನಿಂದ ಹೊನ್ನಾರು ಕಟ್ಟಿಸಬಾರದು ಎಂದು ಆವತ್ತೇ ಆಯಿತಂತೆ.

ನಿಮಗೆ ಗೊತ್ತಿರಲಿಲ್ಲ. ಅದು ನನಗೊಬ್ಬನಿಗೇ ಗೊತ್ತು. ಯಾಕೆ ಹಾಗೆ ಹೇಳಿದಿರಿ?

ಯುಗಾದಿಗೆ ಬರುತ್ತೇನೆ. ಗುಡಿ ಮುಂದೆ ನಿಂತು ನಿಜ ಹೇಳುತ್ತೇನೆ.

ಶಂಕರ


ಬೇವಿನಕೊಟ್ಟಾಯ್
4-2-2024

ಶಂಕರನಿಗೆ.

ರೋಜಾಳ ಬಾಯಿಗೆ ಬೀಗ ಇಲ್ಲ. ಅವಳಿಗೆ ಬೈದಿದ್ದೇನೆ.

ನೀನು ಬರಬೇಡ. ಇದು ಕೋಪಕ್ಕೆ ಹೇಳುವ ಮಾತಲ್ಲ. ನಿನ್ನ ಕೇಸಿನ ಕಾಗದವನ್ನು ಸರ್ಕಾರವೇ ಅಳಿಸಿಹಾಕುತ್ತದೆ ಎಂದು ನಿಮ್ಮ ವ್ಯಾಸರಾಜರು ನಿಮ್ಮವ್ವನಿಗೆ ಹೇಳಿದರಂತೆ. ಕಾನೂನೇ ಮರೆಯಲು ಒಪ್ಪಿದೆ. ಊರೂ ಅರ್ಧ ಮರೆತಿದೆ. ಸಹವಾಸ ಕೆಟ್ಟು ಹುಡುಗ ಹಾಳಾದ, ಅಪ್ಪ ಹೆತ್ತವರಿಗೆ ಹೆಗ್ಗಣ ಮುದ್ದು ಎಂಬಂತೆ ಮುಚ್ಚಿಹಾಕಲು ನೋಡಿದ, ಇಷ್ಟೇ ಅವರ ಲೆಕ್ಕದಲ್ಲಿ ಉಳಿದಿರುವುದು. ಅದು ಹಾಗೇ ಇರಲಿ. ನೀನು ಬಂದು ಹೊಸದಾಗಿ ಕೆದಕಿದರೆ ನಾನು ಊರಿಗೆ ಎರಡು ಸಲ ಸುಳ್ಳು ಹೇಳಿದವನಾಗುತ್ತೇನೆ. ನೀನು ಕಳ್ಳನಿಗಿಂತ ಕಡೆಯಾಗುತ್ತೀಯ. ನಾಳೆ ರೋಜಾಳನ್ನು ಕೇಳಲು ಯಾರೂ ಬರುವುದಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಆಣೆ ಇಟ್ಟಾಯಿತು. ಬಲಗೈ ಇಲ್ಲದಿದ್ದರೆ ಎಡಗೈ ಇದೆ.

ನಿನ್ನ ತೈಲವನ್ನು ನಿಮ್ಮವ್ವ ಸೊಂಟಕ್ಕೆ ಹಚ್ಚಿಕೊಂಡಳು. ಗುಣ ಇದೆ ಎನ್ನುತ್ತಾಳೆ.

ಕರಿಯಪ್ಪ


ಸೇಲಂ
31-3-2024

ಅಪ್ಪನವರಿಗೆ.

ಎರಡು ತಿಂಗಳು ಯೋಚಿಸಿದೆ. ನಿಮ್ಮ ಮಾತು ಮೀರುತ್ತಿದ್ದೇನೆ, ಕ್ಷಮಿಸಬೇಕು.

ರೋಜಾ ಬಗ್ಗೆ ನೀವು ಬರೆದದ್ದು ನನ್ನನ್ನು ಬಹಳ ದಿನ ಕಟ್ಟಿಹಾಕಿತ್ತು. ಕೊನೆಗೆ ಅವಳನ್ನೇ ಫೋನಿನಲ್ಲಿ ಕೇಳಿದೆ. "ಬೇಡ ಅನ್ನೋರು ಬೇಡ ಅನ್ಲಿ, ಅಪ್ಪ ಉಣ್ಣೋವಾಗ ಎಡಗೈಗೂ ಬಲಗೈಗೂ ತಡಕಾಡೋದ ನಾನ್ ದಿನಾ ನೋಡಕ್ಕಾಗಲ್ಲ" ಎಂದಳು. ಅವಳಿಗೆ ಬೈಯಬೇಡಿ.

ಇಲ್ಲಿ ದಿನಾ ಸಂಜೆ ತೊಟ್ಟಿಯಲ್ಲಿ ಕೈ ತೊಳೆದು ಮನೆಗೆ ಬರುತ್ತೇನೆ. ಮುದಲಾಳಿ ನನ್ನನ್ನು ನಂಬುತ್ತಾರೆ. ನನಗೆ ಮಾತ್ರ ನನ್ನ ಮೇಲೆ ನಂಬಿಕೆ ಬರುತ್ತಿಲ್ಲ. ನನ್ನ ಸುಳ್ಳನ್ನು ನೀವು ಹೊತ್ತುಕೊಂಡಿರುವಷ್ಟು ದಿನ ಬರುವುದೂ ಇಲ್ಲ.

ಯುಗಾದಿಯ ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತೇನೆ. ಮೊದಲು ದೊಡ್ಡವ್ವನ ಮನೆಗೆ ಹೋಗುತ್ತೇನೆ. ಅವರು ಬೇಡ ಎಂದರೆ ಅಲ್ಲಿಂದಲೇ ತಿರುಗಿ ಹೋಗುತ್ತೇನೆ.

ಶಂಕರ


ಸೇಲಂ
10-4-2024

ಅಪ್ಪನವರಿಗೆ ನಮಸ್ಕಾರ.

ನಿನ್ನೆ ಬಂದು ನಿಮ್ಮ ಮನೆಯ ನೀರೂ ಕುಡಿಯದೆ ಹೊರಟುಬಂದೆ.

ದೊಡ್ಡವ್ವನ ಮನೆಯಲ್ಲಿ ಏನಾಯಿತೆಂದು ನಿಮಗೆ ಗೊತ್ತಿಲ್ಲ. ಹೇಳುತ್ತೇನೆ. ಅವರು ಜಗಲಿಯಲ್ಲಿ ಬೇವಿನ ಹೂ ಬಿಡಿಸುತ್ತಿದ್ದರು. ಒಂದೇ ಕೈಯಲ್ಲಿ. ನಾನು ಮೆಟ್ಟಿಲ ಕೆಳಗೆ ನಿಂತೆ. ಕಾಲು ಮುಟ್ಟಲು ಹೋದರೆ ಹಿಂದಕ್ಕೆ ಎಳೆದುಕೊಂಡರು. ಆಮೇಲೆ ಹೂ ಬಿಡಿಸುವುದನ್ನು ನಿಲ್ಲಿಸಿದರು.

"ನೀನು ದೊಡ್ಡವ್ವಾ ಅಂತ ಕೂಗ್ದೆ ಓಗಿದ್ರೆ, ಯಾವನೋ ಕಳ್ಳ ಅಂತ ಮರ್ತಿರ್ತಿದ್ದೆ ಕಣ್ಲಾ. ನನ್ನ ಕೂಗಿ, ಆಮೇಲೆ ಬುಟ್ಟು ಓದೆ" ಎಂದರು.

ಇವತ್ತು ಗುಡಿ ಮುಂದೆ ಎಲ್ಲವನ್ನೂ ಹೇಳಲೇ, ನೀವು ಬರುತ್ತೀರಾ ಎಂದು ಕೇಳಿದೆ. ಎದ್ದು ಒಳಗೆ ಹೋದರು. ನಾನು ಮೆಟ್ಟಿಲ ಕೆಳಗೇ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಸೀರೆ ಬದಲಾಯಿಸಿಕೊಂಡು ಬಂದು ನನಗಿಂತ ಮುಂದೆ ನಡೆದರು.

ಮುಂದಿನದು ನಿಮಗೆ ಗೊತ್ತು. ಹೊನ್ನಾರು ಕಟ್ಟಲು ಊರೆಲ್ಲ ಸೇರಿತ್ತು. ಎಲ್ಲಪ್ಪಣ್ಣನ ಎತ್ತುಗಳು ನಿಂತಿದ್ದವು. ನೀವು ಎಲ್ಲರಿಗಿಂತ ಹಿಂದೆ ಬೇವಿನ ಮರದ ಹತ್ತಿರ ನಿಂತಿದ್ದಿರಿ, ಆ ದಿನ ನಾನು ನಿಂತಿದ್ದ ಜಾಗದಲ್ಲಿ. ನಿಮ್ಮನ್ನು ನೋಡಿಯೇ ನಾನು ಬಾಯಿ ತೆರೆದದ್ದು. ಕದ್ದವನು ನಾನು, ಅಪ್ಪನಿಗೆ ಸುಳ್ಳು ಹೇಳಿದವನು ನಾನು, ಅವರು ನಂಬಿ ಕರ್ಪೂರ ಆರಿಸುವಾಗ ನೋಡುತ್ತಾ ನಿಂತವನೂ ನಾನು, ಅವರಿಗೆ ಗೊತ್ತಿರಲಿಲ್ಲ ಎಂದೆ. ದೊಡ್ಡವ್ವನ ಕಡೆ ತಿರುಗಿ, ಇವರು ಆಡಿದ್ದು ಪ್ರತಿ ಮಾತೂ ನಿಜ ಎಂದೆ. ಒಬ್ಬರು ಕ್ಯಾಕರಿಸಿ ಉಗಿದರು.

ನೀವು ನನ್ನ ಕಡೆ ಬೆನ್ನು ತಿರುಗಿಸಿದಿರಿ.

ನಿಮ್ಮ ಮಾತು ಮೀರಿದ್ದಕ್ಕೆ, ನೀವು ನನಗಾಗಿ ಕಟ್ಟಿದ್ದನ್ನು ಊರ ಮುಂದೆ ಕೆಡವಿದ್ದಕ್ಕೆ ಆ ಬೆನ್ನು ಎಂದು ನನಗೆ ಅರ್ಥವಾಯಿತು. ಅದಕ್ಕೇ ನಿಲ್ಲಲಿಲ್ಲ. ಇನ್ನು ಮೇಲೆ ನೀವು ಉತ್ತರ ಬರೆಯದಿದ್ದರೂ ನಾನು ತಪ್ಪು ತಿಳಿಯುವುದಿಲ್ಲ. ನನ್ನ ಕೆಲಸ ಮಾಡಿಕೊಂಡು ಇಲ್ಲೇ ಇರುತ್ತೇನೆ. ನಿಮ್ಮ ಕೈ ಮಾತ್ರ ನಿಮಗೆ ವಾಪಸ್ ಸಿಗಲಿ.

ಶಂಕರ


ಬೇವಿನಕೊಟ್ಟಾಯ್
14-4-2024

ಮಗ ಶಂಕರನಿಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದ ನಿನ್ನೆ ಬಂತು. ನಿನಗೆ ಅಕ್ಷರ ಕಲಿಸಿದೆ, ಬೆನ್ನು ಓದುವುದನ್ನು ಕಲಿಸಲಿಲ್ಲ. ಐವತ್ತು ದಾಟಿದ ಗಂಡಸು ಊರ ಮುಂದೆ ಅಳಬಾರದು ಎಂದು ತಿರುಗಿಕೊಂಡೆ ಕಣೋ. ಮುಖ ಒರೆಸಿಕೊಂಡು ನೋಡುವಷ್ಟರಲ್ಲಿ ನೀನಿರಲಿಲ್ಲ. ರೋಜಾ ರಸ್ತೆವರೆಗೆ ಓಡಿದಳು. ಬಸ್ಸು ಹೊರಟಿತ್ತು. ನಿಮ್ಮವ್ವ ಒಬ್ಬಟ್ಟು ಮಾಡಿಟ್ಟಿದ್ದಳು, ಎರಡು ದಿನ ಯಾರೂ ತಿನ್ನಲಿಲ್ಲ.

ಗೊತ್ತಿತ್ತು ಎಂದು ಯಾಕೆ ಹೇಳಿದಿರಿ ಎಂದು ನೀನು ಕೇಳಿದ್ದೆ. ಇಷ್ಟು ದಿನ ನನಗೇ ಸರಿಯಾಗಿ ಹೇಳಿಕೊಂಡಿರಲಿಲ್ಲ. ಗೊತ್ತಿರಲಿಲ್ಲ ಎಂದರೆ, ಅಪ್ಪ ಬೆಂಕಿಗೆ ಕೈ ಹೊಡೆಯುವುದನ್ನು ನೋಡುತ್ತಾ ನಿಂತ ಮಗ ಎಂದು ಊರು ನಿನ್ನನ್ನು ಉಗಿಯುತ್ತಿತ್ತು. ಕದ್ದವನು ಎಂದಾದರೂ ಊರಿಗೆ ಬರಬಹುದು, ಅಂಥ ಮಗ ಬರಲಾರ ಎಂದು ಹೆದರಿದೆ. ಇದು ಅರ್ಧ. ಇನ್ನರ್ಧ ಸೊಕ್ಕು. ನನ್ನ ಮಗ ನನಗೆ ಸುಳ್ಳು ಹೇಳಿದ ಎಂದು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳಲು ನಾಲಿಗೆ ಏಳಲಿಲ್ಲ. ಅದಕ್ಕಿಂತ ನಾನೇ ಸುಳ್ಳುಗಾರ ಎನ್ನಿಸಿಕೊಳ್ಳುವುದು ಸುಲಭ ಎನಿಸಿತು. ನಿನ್ನ ಜೊತೆ ಮಾತು ಬಿಟ್ಟದ್ದೂ ಅದಕ್ಕೇ. ಬಾಯಿ ಬಿಟ್ಟರೆ ಮೊದಲು ಅದೇ ಪ್ರಶ್ನೆ ಬರುತ್ತಿತ್ತು, ಯಾಕೋ ಸುಮ್ಮನೆ ನಿಂತೆ ಎಂದು. ಇವೆಲ್ಲದರ ನಡುವೆ ಆ ಹೆಂಗಸು ಇಡಬಾರದ ಕಾಣಿಕೆ ಇಟ್ಟು ಅಡ್ಡಬಿದ್ದಳು ಎಂಬುದನ್ನು ನಾನು ನೋಡಿಯೂ ನೋಡದವನ ಹಾಗೆ ಇದ್ದೆ. ಕೈ ಕಟ್ಟಿಕೊಂಡು ಕೂತರೆ ಅದೇ ಪ್ರಾಯಶ್ಚಿತ್ತ ಎಂದುಕೊಂಡಿದ್ದೆ. ನೀನು ಅವಳ ಮೆಟ್ಟಿಲ ಕೆಳಗೆ ಹೋಗಿ ನಿಂತೆ. ನಾನು ಎರಡು ವರ್ಷದಲ್ಲಿ ಒಂದು ಸಲವೂ ಆ ಬೀದಿಗೆ ಹೋಗಿರಲಿಲ್ಲ.

ಊರಿನವರ ವಿಷಯ ಕೇಳು. ಎಲ್ಲರೂ ನಿನ್ನನ್ನು ಹೊಗಳುತ್ತಿದ್ದಾರೆ ಎಂದುಕೊಳ್ಳಬೇಡ. ಕೆಲವರು ಈಗಲೇ ನಿನ್ನನ್ನು ಹೆಚ್ಚು ಬೈಯುತ್ತಿದ್ದಾರೆ. ಅದು ನಿನಗೆ ಬರಬೇಕಾದದ್ದೇ, ತಡೆದುಕೋ. ಹೊನ್ನಾರಿನ ಮಾತನ್ನು ಯಾರೂ ಎತ್ತಿಲ್ಲ. ಎಲ್ಲಪ್ಪ ಬೀದಿಯಲ್ಲಿ ಸಿಕ್ಕಾಗ ನಿಂತು ಬೀಡಿ ಕೊಟ್ಟ, ಅಷ್ಟೇ.

ನೀನು ಹೋದ ಮೂರನೇ ದಿನ ಶುಕ್ರವಾರ. ಬೆಳಿಗ್ಗೆ ಸಿದ್ದಲಕ್ಷ್ಮಕ್ಕ ನಮ್ಮ ಮನೆ ಬಾಗಿಲಿಗೆ ಬಂದಳು. ನಾನು ಎದ್ದು ನಿಂತೆ. ಸೆರಗಿನ ಗಂಟು ಬಿಚ್ಚಿ ಒಂದು ತುಂಡು ಕರ್ಪೂರ ತೆಗೆದಳು.

"ಆರ್ಸಿದೋನೇ ಹಚ್ಬೇಕು ಕರಿಯಪ್ಪ. ನಾನ್ ನಿಂತಿರ್ತೀನಿ, ನಡಿ" ಎಂದಳು.

ಇಬ್ಬರೂ ಗುಡಿಗೆ ಹೋದೆವು. ಅದೇ ಮೆಟ್ಟಿಲು. ಬಲಗೈಯಲ್ಲಿ ಗೀರಿದ ಎರಡು ಬೆಂಕಿಕಡ್ಡಿ ಗಾಳಿಗೆ ಆರಿಹೋದವು. ಮೂರನೆಯದಕ್ಕೆ ಅವಳು ತನ್ನ ಒಳ್ಳೆಯ ಕೈಯನ್ನು ಗಾಳಿಗೆ ಅಡ್ಡ ಹಿಡಿದಳು. ಅಕ್ಕ, ನನ್ನಿಂದ ನಿನಗೆ ಅನ್ಯಾಯವಾಯಿತು, ತಪ್ಪಾಯಿತು ಎಂದೆ. ಹೂಂ ಎಂದಳು. ಕ್ಷಮಿಸಿದೆ ಎನ್ನಲಿಲ್ಲ, ನಾನು ಕೇಳಲೂ ಇಲ್ಲ. ಕರ್ಪೂರ ತಾನಾಗಿ ಉರಿದು ಮುಗಿಯುವವರೆಗೂ ಇಬ್ಬರೂ ನಿಂತಿದ್ದೆವು. ಹೊರಡುವಾಗ, ಆ ಹುಡುಗ ಮುಂದಿನ ಸಲ ಬಂದರೆ ಮೆಟ್ಟಿಲ ಮೇಲೆ ಹತ್ತಿ ಕೂರಲಿ ಎಂದು ಹೇಳಿ ಹೋದಳು.

ಆ ದಿನ ಸಂಜೆ ಹಿತ್ತಲಿನ ಪಾತಿಯಲ್ಲಿ ನನ್ನ ಬಲಗೈಯಿಂದ ನಾಲ್ಕು ಅವರೆಕಾಳು ಊರಿದೆ. ದಿನಾ ನೀರು ಹಾಕುತ್ತಿದ್ದೇನೆ. ರೋಜಾ ಗಂಟೆಗೊಮ್ಮೆ ಹೋಗಿ ಬಗ್ಗಿ ನೋಡುತ್ತಾಳೆ. ಇನ್ನೂ ಏನೂ ಕಾಣಿಸಿಲ್ಲ. ಅವರೆಗೆ ಒಂದು ವಾರವಾದರೂ ಬೇಕು.

ಮುಂದಿನ ಭಾನುವಾರ ಬೆಳಿಗ್ಗೆ ಫೋನ್ ಮಾಡು. ನಾನೇ ಎತ್ತುತ್ತೇನೆ. ಮೊದಲು ನನಗೆ ಏನು ಮಾತಾಡಬೇಕೆಂದು ತೋಚದಿರಬಹುದು, ನೀನು ಫೋನ್ ಇಡಬೇಡ. ಮೊಳೆತವೋ ಇಲ್ಲವೋ, ಅದನ್ನಾದರೂ ನನ್ನ ಬಾಯಿಂದಲೇ ಹೇಳುತ್ತೇನೆ.

ನಿನ್ನ ಅಪ್ಪ
ಕರಿಯಪ್ಪ